ಮಳೆಗಾಲದಲ್ಲಿ ಹೊಡೆದ ಕಪ್ಪು ಬಣ್ಣದ ಮೇಲೆ ಬಿಳಿ ಮಂಜು: ಬೀಟಲ್ ಬಾಡಿ ಉಳಿಸಬಹುದಾ?

ಪ್ರಶ್ನೆ (ಮಂಗಳೂರಿನಿಂದ)

ಎಲ್ಲರಿಗೂ ನಮಸ್ಕಾರ. ಇದು ನಾನು ಕಟ್ಟುತ್ತಿರುವ ಎರಡನೇ ಪ್ಲಾಸ್ಟಿಕ್ ಮಾಡೆಲ್ ಕಾರು. ಜಪಾನಿನ ತಮಿಯಾ ಕಂಪನಿಯ 1/24 ಅಳತೆಯ ಫೋಕ್ಸ್‌ವ್ಯಾಗನ್ 1300 ಬೀಟಲ್, 1966ರ ಮಾದರಿ. ಪ್ರೈಮರ್ (ಬಣ್ಣದ ಕೆಳಗಿನ ಮೊದಲ ಪದರ) ತನಕ ಎಲ್ಲ ಚೆನ್ನಾಗಿಯೇ ಇತ್ತು. ಭಾನುವಾರ ಮಧ್ಯಾಹ್ನ ಮಳೆ ಸ್ವಲ್ಪ ನಿಂತಿತು ಅಂತ ಬಾಲ್ಕನಿಯಲ್ಲಿ ನಿಂತು ತಮಿಯಾದ್ದೇ ಟಿಎಸ್-14 ಕಪ್ಪು ಸ್ಪ್ರೇ ಹೊಡೆದೆ. ಮೊದಲ ಎರಡು ಕೋಟ್ ತೆಳ್ಳಗೆ, ಮೂರನೆಯದು ಒದ್ದೆಯಾಗಿ. ಹತ್ತೇ ನಿಮಿಷದಲ್ಲಿ ಚಾವಣಿ ಮತ್ತು ಬಾನೆಟ್ ಮೇಲೆ ವಿಭೂತಿ ಬಳಿದ ಹಾಗೆ ಬಿಳುಪು ಬಂತು. ಒಣ ಬಟ್ಟೆಯಲ್ಲಿ ಒರೆಸಿದರೂ ಹೋಗುತ್ತಿಲ್ಲ. ಬದಿಯ ಬಾಗಿಲುಗಳು ಮಾತ್ರ ಫಳಫಳ ಹೊಳೆಯುತ್ತಿವೆ.

ಇನ್ನೊಂದು ತೊಂದರೆ. ಒಳಗಿನ ಕನ್ನಡಿಯನ್ನು ಮುಂದಿನ ಗಾಜಿಗೆ ಸೂಪರ್ ಗ್ಲೂ ಹಾಕಿ ಅಂಟಿಸಿದ್ದೆ. ಮಾರನೇ ದಿನ ನೋಡಿದರೆ ಅದರ ಸುತ್ತ ಗಾಜಿಗೆ ಹೊಗೆ ಹಿಡಿದ ಹಾಗಿದೆ. ಈ ಕಿಟ್‌ಗೆ ತುಂಬಾ ದಿನ ದುಡ್ಡು ಕೂಡಿಟ್ಟಿದ್ದೆ. ಎರಡನ್ನೂ ಉಳಿಸುವ ದಾರಿ ಇದ್ದರೆ ಹೇಳಿ. ನನ್ನ ಹತ್ತಿರ ಏರ್‌ಬ್ರಷ್ (ಗಾಳಿಯ ಒತ್ತಡದಲ್ಲಿ ಬಣ್ಣ ಹೊಡೆಯುವ ಪೆನ್ನಿನಂಥ ಸಾಧನ) ಇಲ್ಲ, ಸ್ಪ್ರೇ ಡಬ್ಬ ಮಾತ್ರ.

ಉತ್ತರ (ಧಾರವಾಡದಿಂದ)

ಗಾಬರಿ ಆಗಬೇಡಿ ಸರ್. ನನಗೂ ಒಂದು ಸಲ ಹೀಗಾಗಿತ್ತು. 2000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಹಾಕಿ ನಿಧಾನಕ್ಕೆ ಉಜ್ಜಿ, ಆಮೇಲೆ ಕಾಂಪೌಂಡ್ (ಪಾಲಿಶ್ ಪೇಸ್ಟ್) ಹಾಕಿ. ಹೊಳಪು ವಾಪಸ್ ಬರುತ್ತದೆ.

ಉತ್ತರ (ಬೆಂಗಳೂರಿನಿಂದ)

ಧಾರವಾಡದ ಸರ್ ಹೇಳಿದ್ದು ತಪ್ಪಲ್ಲ. ಆದರೆ ಈಗಲೇ ಪೇಪರ್ ಮುಟ್ಟಬೇಡಿ. ಬಣ್ಣ ಇನ್ನೂ ಒಳಗೆ ಮೆತ್ತಗಿದೆ. ಉಜ್ಜಿದರೆ ಪೇಪರ್ ಹಿಡಿದುಕೊಂಡು ಗೀರು ಬೀಳುತ್ತದೆ. ಜೊತೆಗೆ ಈ ಬಿಳುಪು ಮೇಲ್ಮೈಯಲ್ಲಿ ಮಾತ್ರ ಇದೆ ಅನ್ನುವ ಹಾಗಿಲ್ಲ.

ಆಗಿದ್ದು ಇಷ್ಟು. ನಿಮ್ಮ ಸ್ಪ್ರೇ ಲ್ಯಾಕರ್ ಜಾತಿಯ ಬಣ್ಣ, ಅದನ್ನು ತೆಳುವಾಗಿಸುವ ಥಿನ್ನರ್ ಬೇಗ ಆವಿಯಾಗುತ್ತದೆ. ಆವಿಯಾಗುವಾಗ ಬಾಡಿಯನ್ನು ತಣ್ಣಗೆ ಮಾಡುತ್ತದೆ. ಕೈಗೆ ಸ್ಪಿರಿಟ್ ಹಚ್ಚಿದಾಗ ತಣ್ಣಗಾಗುತ್ತದಲ್ವಾ, ಅದೇ ಥರ. ಮಂಗಳೂರಿನ ಜುಲೈ ಗಾಳಿ ತುಂಬಾ ನೀರು ಇರುತ್ತದೆ. ಆ ತೇವ ತಣ್ಣಗಾದ ಬಣ್ಣದ ಮೇಲೆ ಇಬ್ಬನಿಯಾಗಿ ಕೂತು ಒಳಗೆ ಸಿಕ್ಕಿಕೊಂಡಿದೆ. ಚಾವಣಿ ಮತ್ತು ಬಾನೆಟ್ ಮೇಲೆ ನೀವು ಜಾಸ್ತಿ ಒದ್ದೆ ಮಾಡಿದ್ದೀರಿ, ಅಲ್ಲೇ ಜಾಸ್ತಿ ಬಿಳುಪು. ಬಾಗಿಲಿನ ಮೇಲೆ ಕೋಟ್ ತೆಳು, ಹಾಗಾಗಿ ಬಚಾವಾಗಿದೆ.

ಒಳ್ಳೆಯ ಸುದ್ದಿ ಏನೆಂದರೆ, ಲ್ಯಾಕರ್ ತನ್ನದೇ ಥಿನ್ನರ್‌ಗೆ ಮತ್ತೆ ಕರಗುತ್ತದೆ. ಏರ್‌ಬ್ರಷ್ ಇದ್ದಿದ್ದರೆ ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್ ಒಂದನ್ನೇ ತೆಳ್ಳಗೆ ಹೊಡೆಯಿರಿ ಅನ್ನುತ್ತಿದ್ದೆ. ಅದರಲ್ಲಿ ಬಣ್ಣವನ್ನು ನಿಧಾನಕ್ಕೆ ಒಣಗಿಸುವ ರಿಟಾರ್ಡರ್ ಇರುತ್ತದೆ, ಸಿಕ್ಕಿಕೊಂಡ ತೇವಕ್ಕೆ ಹೊರಗೆ ಹೋಗಲು ಸಮಯ ಸಿಗುತ್ತದೆ. ನಿಮ್ಮ ಹತ್ತಿರ ಡಬ್ಬ ಇರುವುದರಿಂದ ಅದೇ ಕಪ್ಪು ಬಣ್ಣವನ್ನೇ ಬಳಸಿ. ಒಣ ಹವೆಯಲ್ಲಿ ಒಂದೇ ಒಂದು ಕೋಟ್ ಹೊಡೆದರೆ ಕೆಳಗಿನ ಬಿಳುಪು ಕರಗಿ ಹೋಗುತ್ತದೆ.

ಒಣ ಹವೆ ಎಲ್ಲಿಂದ ತರಲಿ ಅಂತ ಕೇಳುತ್ತೀರಿ, ಗೊತ್ತು. ಮನೆಯಲ್ಲಿ ಎಸಿ ಇದ್ದರೆ ಅದನ್ನು ಡ್ರೈ ಮೋಡ್‌ನಲ್ಲಿ ಒಂದು ಗಂಟೆ ಓಡಿಸಿ. ಬಾಡಿ, ಡಬ್ಬ ಎರಡೂ ಆ ಕೋಣೆಯಲ್ಲೇ ಇರಲಿ. ಒಂದು ತೇವಾಂಶ ಮೀಟರ್ ತಗೊಳ್ಳಿ, ದೊಡ್ಡ ಖರ್ಚೇನಲ್ಲ. ತೇವಾಂಶ ಶೇ. 60ರ ಕೆಳಗೆ ಬರುವ ತನಕ ನಾನಂತೂ ಡಬ್ಬ ಮುಟ್ಟುವುದಿಲ್ಲ. ಡಬ್ಬವನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಡಿ. 40 ಡಿಗ್ರಿ ಸಾಕು, ಕುದಿಯುವ ನೀರು ಬೇಡವೇ ಬೇಡ, ಒಲೆ ಹತ್ತಿರವೂ ಒಯ್ಯಬೇಡಿ. ಬೆಚ್ಚಗಾದ ಡಬ್ಬದಿಂದ ಹನಿ ಸಣ್ಣಗೆ ಬರುತ್ತದೆ. ಹೊಡೆಯುವಾಗ ಎಸಿ ಆಫ್ ಮಾಡಿ, ಹೊಗೆ ಹೊರಗೆ ಹೋಗಲು ಕಿಟಕಿ ತೆಗೆಯಿರಿ, ಥಿನ್ನರ್ ಆವಿಯನ್ನು ತಡೆಯುವ ಸಾಲ್ವೆಂಟ್ ಮಾಸ್ಕ್ ಹಾಕಿಕೊಳ್ಳಿ. ಬಟ್ಟೆ ಮಾಸ್ಕ್ ಇದಕ್ಕೆ ಆಗುವುದಿಲ್ಲ. ಪಕ್ಕದಲ್ಲಿ ದೇವರ ದೀಪ ಉರಿಯುತ್ತಿದ್ದರೆ ಅದು ಶಾಂತವಾಗುವ ತನಕ ಕಾಯಿರಿ. ಈ ಹೊಗೆಗೆ ಬೆಂಕಿ ಹತ್ತುತ್ತದೆ. ಹೊಡೆಯುವ ಕೆಲಸ ಒಂದೇ ನಿಮಿಷದ್ದು. ವಾಸನೆ ಸ್ವಲ್ಪ ಹೋಗುತ್ತಿದ್ದ ಹಾಗೆ ಕಿಟಕಿ ಹಾಕಿ, ಮತ್ತೆ ಎಸಿ ಹಾಕಿ.

ಒಣಗಲು ಬಿಡುವಾಗ ಗಾಳಿಯಾಡದ ಡಬ್ಬದಲ್ಲಿ ಮುಚ್ಚಿಡಬೇಡಿ. ಬಣ್ಣದ ಆವಿ ಒಳಗೇ ಸುತ್ತಿ ಬಣ್ಣ ಒಣಗುವುದೇ ಇಲ್ಲ. ಪ್ಲಾಸ್ಟಿಕ್ ಟಬ್ ಬೋರಲು ಹಾಕಿ, ಒಂದು ಅಂಚಿಗೆ ಪೆನ್ಸಿಲ್ ಕೊಟ್ಟರೆ ಸಾಕು. ದೂಳೂ ಬೀಳುವುದಿಲ್ಲ, ಗಾಳಿಯೂ ಆಡುತ್ತದೆ.

ಒಂದಕ್ಕಿಂತ ಜಾಸ್ತಿ ಕೋಟ್ ಯಾಕೆ ಬೇಡ ಅಂದರೆ, 1/24ರಲ್ಲಿ 0.1 ಮಿ.ಮೀ. ಬಣ್ಣ ನಿಜವಾದ ಕಾರಿನ ಲೆಕ್ಕದಲ್ಲಿ 2.4 ಮಿ.ಮೀ. ದಪ್ಪ. ಬಾಗಿಲಿನ ಸಂದುಗಳೆಲ್ಲ ತುಂಬಿ ಹೋಗುತ್ತವೆ. ಬೀಟಲ್‌ನ ಅಂದವೇ ಚಕ್ರದ ಮೇಲಿನ ಆ ಉಬ್ಬಿದ ಫೆಂಡರ್ ಬಾಡಿಗೆ ಸೇರುವ ಗೆರೆಯಲ್ಲಿದೆ. ಅದು ಮುಚ್ಚಿದರೆ ಕಾರು ಸೋಪಿನ ತುಂಡಿನ ಹಾಗೆ ಕಾಣುತ್ತದೆ.

ಇನ್ನು ಗಾಜು. ಸೂಪರ್ ಗ್ಲೂ ಒಣಗುವಾಗ ಬಿಡುವ ಆವಿ ಗಾಜಿನ ಮೇಲೆ ಬಿಳಿಯಾಗಿ ಕೂತಿದೆ. ಕನ್ನಡಿಯನ್ನು ಹುಷಾರಾಗಿ ಬಿಡಿಸಿ. 3000 ಪೇಪರ್ ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿ, ಆಮೇಲೆ ಫೈನ್ ಕಾಂಪೌಂಡ್, ಕೊನೆಗೆ ಫಿನಿಶ್ ಕಾಂಪೌಂಡ್. ಮತ್ತೆ ಅಂಟಿಸಲು ಫೆವಿಕಾಲ್ ಸಾಕು. ಬಿಳಿ ಅಂಟು ಒಣಗಿದ ಮೇಲೆ ಪಾರದರ್ಶಕ ಆಗುತ್ತದೆ, ಜಾಸ್ತಿಯಾದರೆ ಒದ್ದೆ ಇಯರ್‌ಬಡ್‌ನಲ್ಲಿ ಒರೆಸಬಹುದು. ಗಾಜಿನ ಹತ್ತಿರ ಸೂಪರ್ ಗ್ಲೂ ಮತ್ತೆ ತರಬೇಡಿ.

ಪ್ರಶ್ನೆ ಕೇಳಿದವರು (ಹನ್ನೆರಡು ದಿನದ ನಂತರ)

ಸರ್, ಬಿಳುಪು ಹೋಯಿತು! ಮೀಟರ್ ಮೊದಲು 88 ತೋರಿಸಿತು. ಎಸಿ ಹಾಕಿದ ಮೇಲೆ 56ಕ್ಕೆ ಇಳಿಯಿತು. ಒಂದೇ ಕೋಟ್. ಕಣ್ಣೆದುರೇ ಬಿಳುಪು ಕರಗಿ ಕಪ್ಪಾಯಿತು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಗಾಜೂ ತಿಳಿಯಾಗಿದೆ. ಈಗ ಪಾಲಿಶ್ ಮಾಡಲಾ? ಕಿಟಕಿ ಸುತ್ತ ಕ್ರೋಮ್ ಪಟ್ಟಿಗೆ ಬೇರ್ ಮೆಟಲ್ ಫಾಯಿಲ್ (ಅಂಟಿಸುವ ತೆಳು ಲೋಹದ ಹಾಳೆ) ತಂದಿದ್ದೇನೆ. ಅದು ಮೊದಲಾ, ಪಾಲಿಶ್ ಮೊದಲಾ?

ಉತ್ತರ (ಬೆಂಗಳೂರಿನಿಂದ)

ತುಂಬಾ ಖುಷಿಯಾಯಿತು. ಮೊದಲು ಬಾಡಿಯನ್ನು ಮೂಗಿನ ಹತ್ತಿರ ಹಿಡಿಯಿರಿ. ಸ್ವಲ್ಪವೂ ಬಣ್ಣದ ವಾಸನೆ ಬರಬಾರದು. ಬಂದರೆ ಇನ್ನೊಂದು ವಾರ ಬಿಡಿ.

ಪಾಲಿಶ್ ಮೊದಲು, ಫಾಯಿಲ್ ಆಮೇಲೆ. ಫೆಂಡರ್ ಅಂಚು, ಬಾಗಿಲಿನ ಏಣುಗಳ ಮೇಲೆಲ್ಲ ಮಾಸ್ಕಿಂಗ್ ಟೇಪಿನ ಸಣ್ಣ ಪಟ್ಟಿ ಹಚ್ಚಿ. ಬಣ್ಣ ಅಂಚಿನಲ್ಲೇ ತೀರಾ ತೆಳು. ಪ್ರೈಮರ್ ಕಾಣಿಸಿಕೊಳ್ಳುವುದು ಯಾವಾಗಲೂ ಅಲ್ಲೇ. ನೀವು ಕ್ಲಿಯರ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಹೊಡೆದಿಲ್ಲವಾದ್ದರಿಂದ ಬಟ್ಟೆಗೆ ಕಪ್ಪು ಹತ್ತುವುದು ಸಹಜ. ಕೆಳಗಿನ ಪ್ರೈಮರ್ ಇಣುಕಿದರೆ ತಕ್ಷಣ ನಿಲ್ಲಿಸಿ.

ಫಾಯಿಲ್‌ಗೆ ಹೊಸ ಬ್ಲೇಡ್ ಹಾಕಿ. ಹಳೆಯದು ಕತ್ತರಿಸುವುದಿಲ್ಲ, ಹರಿದು ಹಾಕುತ್ತದೆ. ಬೇಕಾದ್ದಕ್ಕಿಂತ ಅಗಲವಾಗಿ ಅಂಟಿಸಿ, ಇಯರ್‌ಬಡ್‌ನಲ್ಲಿ ತಿಕ್ಕಿ ಕೂರಿಸಿ, ಪಟ್ಟಿಯ ಬುಡದಲ್ಲಿ ಬ್ಲೇಡನ್ನು ಭಾರ ಹಾಕದೆ ಎಳೆಯಿರಿ.

ಉತ್ತರ (ಧಾರವಾಡದಿಂದ)

ಒಂದು ಮಾತು ಸೇರಿಸುತ್ತೇನೆ ಸರ್. ಟೈರಿನ ಹೊರಮೈಗೆ 400 ಪೇಪರ್ ಒಂದು ಸುತ್ತು ಹಾಕಿ. ರಬ್ಬರಿನ ಹೊಳಪು ಹೋಗಿ, ರಸ್ತೆಯಲ್ಲಿ ಓಡಿದ ಟೈರಿನ ಹಾಗೆ ಕಾಣುತ್ತದೆ. ಕಪ್ಪು ಬಾಡಿಗೆ ಅದು ಬಹಳ ಒಪ್ಪುತ್ತದೆ.

ಪ್ರಶ್ನೆ ಕೇಳಿದವರು

ಟೇಪ್ ಹಚ್ಚಿಯೂ ಎಡಗಡೆ ಹಿಂದಿನ ಫೆಂಡರ್ ಅಂಚಲ್ಲಿ ಅಕ್ಕಿ ಕಾಳಿನಷ್ಟು ಪ್ರೈಮರ್ ಕಂಡಿತು. ಇದಕ್ಕೆ ಮತ್ತೆ ಇಡೀ ಬಾಡಿ ಸ್ಪ್ರೇ ಮಾಡಬೇಕಾ?

ಉತ್ತರ (ಬೆಂಗಳೂರಿನಿಂದ)

ಬೇಡ. ಅದೇ ಡಬ್ಬದ ಬಣ್ಣವನ್ನು ಸಣ್ಣ ಗಾಜಿನ ಬಟ್ಟಲಿಗೆ ಸ್ವಲ್ಪ ಹೊಡೆದು, ಅರ್ಧ ಗಂಟೆ ಮುಚ್ಚದೆ ಬಿಡಿ. ಗ್ಯಾಸ್ ಹೋಗಿ ಗುಳ್ಳೆ ನಿಲ್ಲುತ್ತದೆ. ಆಮೇಲೆ ತೀರಾ ಸಣ್ಣ 000 ನಂಬರಿನ ಬ್ರಷ್ ತುದಿಯಲ್ಲಿ ಒಂದೇ ಚುಕ್ಕೆ ಮುಟ್ಟಿಸಿ. ಎರಡನೇ ಸಲ ಎಳೆಯಬೇಡಿ, ಕೆಳಗಿನ ಬಣ್ಣ ಕಿತ್ತು ಬರುತ್ತದೆ. ಎಸಿ ಕೋಣೆಯಲ್ಲೇ ಮಾಡಿ, ಮೂರು ದಿನ ಅದನ್ನು ಮುಟ್ಟಬೇಡಿ.