ಪದ ಬೇಕಾಗಿದೆ: ರೆಮಿಷನ್, ಫ್ಲೇರ್, ಮತ್ತು ‘ಸ್ವಯಂ’ ಎಂಬ ತೊಡಕು

ಗೆಳೆಯರೇ,

ಲೂಪಸ್, ರುಮಟಾಯ್ಡ್ ಸಂಧಿವಾತದಂಥ ಆಟೋಇಮ್ಯೂನ್ ಕಾಯಿಲೆ (ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ) ಇರುವವರು ಮತ್ತು ಅವರ ಮನೆಯವರು ಓದಲೆಂದು ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಬರವಣಿಗೆ ನಿಂತುಬಿಟ್ಟಿದೆ. ನಿಮ್ಮ ಸಹಾಯ ಬೇಕು.

ಮೊದಲು ರೆಮಿಷನ್. ಎಲ್ಲಕ್ಕಿಂತ ಜರೂರಾಗಿ ಬೇಕಿರುವುದು ಇದೇ. ಸಾಮಾನ್ಯವಾಗಿ ‘ಉಪಶಮನ’ ಎಂದು ಬರೆಯುತ್ತಾರೆ. ಆದರೆ ನೋವಿನ ಮಾತ್ರೆ ನುಂಗಿದ ಮೇಲೆ ಸಿಗುವುದೂ ಉಪಶಮನವೇ ಅಲ್ವಾ? ರೆಮಿಷನ್ ಅಂದರೆ ಅದಲ್ಲ. ಕಾಯಿಲೆಯ ಚಟುವಟಿಕೆಯೇ ತಗ್ಗಿ, ಇದೆಯೋ ಇಲ್ಲವೋ ಎನ್ನುವಷ್ಟಾಗಿರುವ ಸ್ಥಿತಿ ಅದು. ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಇರಬಹುದು. ರುಮಟಾಯ್ಡ್ ಸಂಧಿವಾತದಲ್ಲಿ ಇದಕ್ಕೆ ಅಳತೆಯೂ ಇದೆ. 2011ರಲ್ಲಿ ಅಮೆರಿಕ ಮತ್ತು ಯುರೋಪಿನ ತಜ್ಞರ ಸಂಘಗಳು ಸೇರಿ ಅದನ್ನು ಗೊತ್ತುಮಾಡಿದವು. ಊದಿದ ಕೀಲು ಒಂದಕ್ಕಿಂತ ಹೆಚ್ಚಿರಬಾರದು. ಒತ್ತಿದರೆ ನೋಯುವ ಕೀಲೂ ಅಷ್ಟೇ. ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಕಡಿಮೆ ಇರಬೇಕು. ಜೊತೆಗೆ, ತನ್ನ ಸ್ಥಿತಿ ಎಷ್ಟು ಕೆಟ್ಟಿದೆ ಎಂದು ರೋಗಿಯೇ 10ಕ್ಕೆ ಹಾಕಿಕೊಳ್ಳುವ ಅಂಕ 1ನ್ನು ಮೀರಬಾರದು. 2022ರಲ್ಲಿ ಈ ಕೊನೆಯದನ್ನು ಮಾತ್ರ 2ಕ್ಕೆ ಸಡಿಲಿಸಿದರು. ಅಂದರೆ ಪರೀಕ್ಷೆಗಳೆಲ್ಲ ಚೆನ್ನಾಗಿ ಬಂದರೂ ರೋಗಿಯ ಮಾತಿಗೆ ಅಲ್ಲೊಂದು ಜಾಗ ಇಟ್ಟಿದ್ದಾರೆ. ನನಗೆ ಇದು ತುಂಬಾ ಮುಖ್ಯ ಅನ್ನಿಸುತ್ತದೆ.

ಈ ಸ್ಥಿತಿಗೆ ಮನೆಮಾತಿನಲ್ಲಿ ‘ವಾಸಿಯಾಯಿತು’, ‘ಗುಣವಾಯಿತು’ ಅಂದುಬಿಡುತ್ತೇವೆ. ತೊಂದರೆ ಶುರುವಾಗುವುದು ಅಲ್ಲೇ. ವಾಸಿಯಾದ ಮೇಲೆ ಮಾತ್ರೆ ಯಾಕೆ ಎಂದು ನೆಂಟರು ಕೇಳುತ್ತಾರೆ. ರೋಗಿಗೂ ಹಾಗೇ ಅನ್ನಿಸುತ್ತದೆ. ಔಷಧಿ ನಿಲ್ಲಿಸಿದರೆ ಕಾಯಿಲೆ ಮತ್ತೆ ಏಳಬಹುದು. ಸ್ಟೆರಾಯ್ಡ್ ಆದರೆ ಇನ್ನೂ ಅಪಾಯ. ಬಹಳ ದಿನ ತೆಗೆದುಕೊಂಡವರಲ್ಲಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಕಡಿಮೆ ಮಾಡಿಕೊಂಡಿರುತ್ತದೆ. ಒಮ್ಮೆಲೇ ಬಿಟ್ಟರೆ ಜೀವಕ್ಕೇ ಕುತ್ತು ಬರಬಹುದು. ಹಾಗಾಗಿ ಇಲ್ಲಿ ಪದ ಜಾರಿದರೆ ಬರೀ ಭಾಷೆಯ ತಪ್ಪಾಗಿ ಉಳಿಯುವುದಿಲ್ಲ.

ನನ್ನ ಮನಸ್ಸಿನಲ್ಲಿರುವುದು ಎರಡು ಪದ. ಒಂದು ‘ಬಿಡುವು’. ಮಳೆ ಬಿಡುವು ಕೊಟ್ಟಿತು ಅನ್ನುತ್ತೇವಲ್ಲ, ಹಾಗೆ ‘ಕಾಯಿಲೆ ಬಿಡುವು ಕೊಟ್ಟಿದೆ’. ಮತ್ತೆ ಬರಬಹುದು ಎಂಬ ಎಚ್ಚರ ಆ ಮಾತಿನಲ್ಲೇ ಇದೆ. ಆದರೆ ಓದಿದವರು ಔಷಧಿಗೂ ಬಿಡುವು ಎಂದುಕೊಂಡರೆ? ಇನ್ನೊಂದು ‘ಹತೋಟಿ’. ಬಿಪಿ, ಶುಗರ್ ಹತೋಟಿಯಲ್ಲಿದೆ ಎಂದರೆ ಮಾತ್ರೆ ನಡೆಯುತ್ತಲೇ ಇದೆ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಕೊರತೆ ಏನೆಂದರೆ, ಅರ್ಧಂಬರ್ಧ ತಗ್ಗಿದ ಕಾಯಿಲೆಗೂ ಹತೋಟಿ ಅನ್ನಬಹುದು. ‘ಪೂರ್ತಿ ಹತೋಟಿ’ ಎಂದರೆ ನಿಲ್ಲುತ್ತದೆಯೇ? ಸದ್ಯಕ್ಕೆ ನಾನು ಆ ಕಡೆಗೇ ವಾಲಿದ್ದೇನೆ.

ಇನ್ನು ಫ್ಲೇರ್, ಅಂದರೆ ತಗ್ಗಿದ್ದ ಕಾಯಿಲೆ ಮತ್ತೆ ಜೋರಾಗುವುದು. ‘ಉಲ್ಬಣ’ ಸರಿಯಾದ ಪದವೇ, ಆದರೆ ಯಾವ ಕಾಯಿಲೆ ಜೋರಾದರೂ ಅದನ್ನೇ ಬಳಸುತ್ತೇವೆ. ‘ಮರುಕಳಿಸು’ ಎಂದರೆ ನಡುವೆ ಹೋಗಿತ್ತು ಎಂದಾಗುತ್ತದೆ. ಮಿದುಳು, ಬೆನ್ನುಹುರಿಗೆ ಬರುವ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಹೊಸದಾಗಿ ಬಂದು ಹೋಗುವ ಲಕ್ಷಣಗಳಿಗೆ ಅದು ಒಪ್ಪೀತು. ಕೀಲುಗಳಲ್ಲಿ ಒಳಗೊಳಗೇ ಇದ್ದದ್ದು ಏಳುವುದಕ್ಕೆ ‘ಕೆರಳು’ ಒಳ್ಳೆಯದು. ಗಾಯ ಕೆರಳಿದೆ ಎಂದರೆ ಕೆಂಪು, ಬಿಸಿ, ಊತ, ನೋವು ಎಲ್ಲ ಕಣ್ಣಮುಂದೆ ಬರುತ್ತವೆ. ಏನೋ ಒಂದು ಕೆರಳಿಸಿತು ಎಂದೂ ಹೇಳಬಹುದು. ಲೂಪಸ್ ಇರುವ ಹಲವರಿಗೆ ಬಿಸಿಲು, ಮತ್ತೆ ಕೆಲವರಿಗೆ ಸೋಂಕು. ರುಮಟಾಯ್ಡ್‌ನಲ್ಲಿ ಬಸಿರಿನ ದಿನಗಳಲ್ಲಿ ತಗ್ಗಿದ್ದ ನೋವು ಹೆರಿಗೆಯಾದ ಮೇಲೆ ಏಳುವುದುಂಟು. ಆದರೆ ‘ಕೆರಳಿಕೆ’ ಎಂದು ನಾಮಪದ ಮಾಡಿದ ತಕ್ಷಣ ಸಿಟ್ಟಿನ ಕಡೆಗೆ ಹೋಗುತ್ತದೆ. ಕ್ರಿಯಾಪದ ಇದ್ದರೆ ಸಾಕೇ?

ಸುಸ್ತಿನ ವಿಷಯಕ್ಕೆ ಬರುತ್ತೇನೆ. ಈ ಕಾಯಿಲೆಗಳಲ್ಲಿ ನೋವಿಗಿಂತ ಸುಸ್ತೇ ಹೆಚ್ಚು ಕಾಡುತ್ತದೆ ಎನ್ನುವವರು ಬಹಳ. ಆದರೆ ‘ಸುಸ್ತು’ ಅಂದರೆ ಕೇಳಿದವರು ‘ನಮಗೂ ಸುಸ್ತೇ’ ಅನ್ನುತ್ತಾರೆ. ‘ದಣಿವು’ ಕೆಲಸದ ಹಿಂದೆ ಬರುವಂಥದ್ದು, ಮಲಗಿ ಎದ್ದರೆ ಹೋಗುವಂಥದ್ದು. ಇದು ರಾತ್ರಿಯಿಡೀ ಮಲಗಿ ಎದ್ದರೂ ಇರುತ್ತದೆ. ಉರಿಯೂತದಲ್ಲಿ ಹೊರಬರುವ ಸೈಟೊಕೈನ್ ಎಂಬ ಪ್ರೋಟೀನುಗಳು ಮಿದುಳಿನ ಮೇಲೂ ಪರಿಣಾಮ ಮಾಡುತ್ತವೆ. ಜ್ವರ ಬಂದಾಗ ಎದ್ದು ಕೂರಲೂ ಮನಸ್ಸಾಗದಿರುವುದಕ್ಕೂ ಇವು ಕಾರಣ. ರಕ್ತಹೀನತೆ, ನೋವಿನಿಂದ ಕೆಟ್ಟ ನಿದ್ದೆ ಇವೂ ಸೇರಿಕೊಳ್ಳುತ್ತವೆ. ನನಗೆ ‘ನಿತ್ರಾಣ’ವೇ ಸರಿ ಎನ್ನಿಸುತ್ತಿದೆ. ಅದನ್ನು ಸೋಮಾರಿತನ ಎಂದು ಯಾರೂ ತಪ್ಪು ತಿಳಿಯಲಾರರು. ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಕಾಣುವ ಈ ಜನರಿಗೆ ಅದೊಂದು ದೊಡ್ಡ ಆಸರೆ.

ಬೆಳಗಿನ ಬಿಗಿತಕ್ಕೆ ಕೆಲವರು ‘ಜೋಮು’ ಅನ್ನುತ್ತಾರೆ. ಆಗ ಡಾಕ್ಟರ ಗಮನ ನರದ ಕಡೆ ಹೋಗಬಹುದು. ‘ಕೀಲು ಹಿಡಿದುಕೊಂಡಿದೆ, ಬಿಡಲು ಒಂದು ಗಂಟೆ ಬೇಕು’ ಎಂದರೆ ಸಂಧಿವಾತದ ಸುಳಿವು ತಕ್ಷಣ ಸಿಗುತ್ತದೆ. ಕೈಪಿಡಿಯಲ್ಲಿ ‘ಹಿಡಿತ’ ಎಂದೇ ಬರೆಯಲೇ, ‘ಪೆಡಸು’ ಎನ್ನಲೇ?

ಕೊನೆಯದು ಕಾಯಿಲೆಯ ಹೆಸರೇ. ಆಟೋಇಮ್ಯೂನ್‌ಗೆ ‘ಸ್ವಯಂ ನಿರೋಧಕ’ ಎಂದು ಓದಿದ್ದೇನೆ. ‘ಸ್ವಯಂ’ ಎಂದರೆ ನಮಗೆ ‘ತಾನಾಗಿ’ ಎಂದೇ ಹೊಳೆಯುವುದು. ಸ್ವಯಂಚಾಲಿತ, ಸ್ವಯಂಸೇವೆ ನೋಡಿ. ‘ತನ್ನ ವಿರುದ್ಧ’ ಎಂಬ ಅರ್ಥ ಅಲ್ಲಿಲ್ಲ. ಜೊತೆಗೆ ‘ಸ್ವಯಂಕೃತ ಅಪರಾಧ’ ಕಿವಿಯಲ್ಲಿ ಕೂತಿದೆ. ನಾನೇ ಏನೋ ಮಾಡಿ ತಂದುಕೊಂಡೆನೇ ಎಂದು ಮೊದಲೇ ಕೊರಗುವವರಿಗೆ ಆ ಹೆಸರು ಕೊಡಲು ಮನಸ್ಸು ಬರುತ್ತಿಲ್ಲ. ‘ನಿರೋಧಕ ಶಕ್ತಿ ಕಡಿಮೆಯಾಗಿ ಬರುವ ಕಾಯಿಲೆ’ ಎಂಬ ವಿವರಣೆಯಂತೂ ಬೇಡವೇ ಬೇಡ. ಇಲ್ಲಿ ಶಕ್ತಿ ತಪ್ಪು ಕಡೆ ತಿರುಗಿದೆ, ಔಷಧಿಗಳು ಅದನ್ನು ತಗ್ಗಿಸಲು ನೋಡುತ್ತವೆ. ಶಕ್ತಿ ಹೆಚ್ಚಿಸುತ್ತೇವೆ ಎನ್ನುವ ಪುಡಿ, ಟಾನಿಕ್‌ಗಳನ್ನು ಅಕ್ಕರೆಯಿಂದಲೇ ತಂದುಕೊಡುವವರಿಗೆ ಇದು ತಿಳಿಯಬೇಕು.

‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಗಾದೆಯನ್ನು ಕಾಯಿಲೆಯ ಹೆಸರಾಗಿ ಇಡಲಾಗದು. ವಿಜ್ಞಾನಿಗಳಿಗೂ ಇದನ್ನು ನಂಬಲು ಕಾಲ ಹಿಡಿಯಿತು. ದೇಹ ತನಗೇ ವಿಷವಾಗುವುದನ್ನು ಹೇಗೋ ತಡೆದುಕೊಳ್ಳುತ್ತದೆ ಎಂದು 20ನೇ ಶತಮಾನದ ಶುರುವಿನಲ್ಲಿ ಪೌಲ್ ಎರ್ಲಿಕ್ ವಾದಿಸಿದ್ದರು. ಮೊಲಗಳ ನಿರೋಧಕ ಶಕ್ತಿ ಅವುಗಳದೇ ಥೈರಾಯ್ಡ್ ಮೇಲೆ ತಿರುಗಿಬೀಳುವುದನ್ನು ನೋಯಲ್ ರೋಸ್ ಮತ್ತು ಅರ್ನೆಸ್ಟ್ ವಿಟೆಬ್ಸ್ಕಿ 1956ರಲ್ಲಿ ತೋರಿಸಿದರು. ಸದ್ಯ ನಾನು ‘ಆಟೋಇಮ್ಯೂನ್ ಕಾಯಿಲೆ’ ಎಂದೇ ಇಟ್ಟು, ಮೊದಲ ಸಲ ಬಂದಲ್ಲಿ ‘ಮೈಯ ಕಾವಲೇ ಮೈಮೇಲೆ ತಿರುಗಿಬೀಳುವ ಕಾಯಿಲೆ’ ಎಂದು ಬಿಡಿಸಿ ಬರೆದಿದ್ದೇನೆ.

ನಿಮ್ಮಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ, ಅಥವಾ ಮನೆಯಲ್ಲಿ ಯಾರನ್ನಾದರೂ ನೋಡಿಕೊಳ್ಳುತ್ತಿದ್ದರೆ, ಒಳ್ಳೆಯ ದಿನಕ್ಕೆ ಮತ್ತು ಕೆಟ್ಟ ದಿನಕ್ಕೆ ನೀವು ಏನು ಅನ್ನುತ್ತೀರಿ ಎಂದು ತಿಳಿಸಿ. ನಿಘಂಟಿನ ಪದ ಇಲ್ಲದಿದ್ದರೂ ಪರವಾಗಿಲ್ಲ. ರೆಮಿಷನ್‌ಗೆ ‘ಪೂರ್ತಿ ಹತೋಟಿ’ ಬೇಡ ಎನ್ನುವವರು ಕಾರಣವನ್ನೂ ಬರೆಯಿರಿ.