ಬಣ್ಣಕ್ಕೆ ಮಾತ್ರ ಕೈ ಹಾಕಬೇಡ ಪುಟ್ಟಿ

ಪುಟ್ಟಿ, ನಿನ್ನ ಮೆಸೇಜು ಈಗ ನೋಡಿದೆ. ಬೆರಳಲ್ಲಿ ಒತ್ತಿ ಮುಗಿಸುವ ವಿಷಯ ಅಲ್ಲ ಇದು, ಅದಕ್ಕೆ ಮಾತಿನಲ್ಲೇ ಹೇಳುತ್ತಿದ್ದೇನೆ. ಉದ್ದ ಆಗಬಹುದು, ಪೂರ್ತಿ ಕೇಳು. ಅಕ್ಕ, ನೀನೂ ಕೇಳು.

ಕಸದ ರಾಶಿ ಪಕ್ಕ ಹಳೇ ರೇಸ್ ಸೈಕಲ್ ಸಿಕ್ಕಿದೆ, ಮೈಯೆಲ್ಲ ತುಕ್ಕು, ಸೀಟು ಮೇಲಕ್ಕೂ ಬರುವುದಿಲ್ಲ ಕೆಳಗೂ ಇಳಿಯುವುದಿಲ್ಲ, ಯಾರೋ ಒಬ್ಬರು ಚಿಲ್ಲರೆ ದುಡ್ಡಿಗೆ ಕೇಳುತ್ತಿದ್ದಾರೆ, ಕೊಟ್ಟುಬಿಡಲಾ, ಇಲ್ಲಾ ಉಜ್ಜಿ ಹೊಸ ಬಣ್ಣ ಹೊಡೆಸಿದರೆ ಜಾಸ್ತಿ ಬೆಲೆ ಬರುತ್ತದಾ ಅಂತ ಕೇಳಿದ್ದೀಯ. "ಹಾಳು ಮಾಡಿಬಿಡುತ್ತೇನೇನೋ ಅಂತ ಭಯ ಮಾವ" ಅಂತಲೂ ಬರೆದಿದ್ದೀಯ. ಆ ಭಯ ಇಟ್ಟುಕೋ. ನನಗೆ ಆವತ್ತು ಅದು ಇರಲಿಲ್ಲ.

ಬಣ್ಣ ಹೊಡೆಸಬೇಡ. ಎಮರಿ ಕಾಗದ ಮುಟ್ಟಬೇಡ. ಆ ಸೈಕಲ್ ಯಾವುದು ಅಂತ ಗೊತ್ತಾಗುವ ತನಕ ಅದರ ಮೈಮೇಲಿನ ಒಂದು ಸ್ಟಿಕ್ಕರ್ ಚೂರು ಕೂಡ ಕೀಳಬೇಡ.

ತಾತನ ನೀಲಿ ಸೈಕಲ್ ನಿಮಗೆಲ್ಲ ಗೊತ್ತಲ್ಲ. ನೀನು ಕಂಡಿರುವುದು ಕೆಂಪು ಸೈಕಲ್ಲು, ನಿನ್ನ ತಮ್ಮ ಹತ್ತಿ ಬೀಳುತ್ತಿದ್ದನಲ್ಲ ಅದು. ಎರಡೂ ಒಂದೇ. ನೀಲಿಯನ್ನು ಕೆಂಪು ಮಾಡಿದವನು ನಾನು.

ಅಪ್ಪ ಅದನ್ನು ಯಾರಿಂದಲೋ ಕೈಬದಲಾಗಿ ತಗೊಂಡಿದ್ದರು. ಬಾಗಿದ ಹ್ಯಾಂಡಲ್, ಬೆರಳ ದಪ್ಪದ ಟೈರು, ತಾಮ್ರದ ರಿವೆಟ್ ಹೊಡೆದ ಬ್ರೂಕ್ಸ್ ತೊಗಲಿನ ಸೀಟು. ಸೀಟಿನ ಕೆಳಗಿನ ಕೊಳವೆ ಮೇಲೆ ಹಸಿರು ಬಂಗಾರದ ಬಣ್ಣದ ಒಂದು ಚಿಕ್ಕ ಸ್ಟಿಕ್ಕರ್. ರೆನಾಲ್ಡ್ಸ್ 531 ಅಂತ ಇತ್ತು, ಅದು ಕೊಳವೆಯ ಉಕ್ಕಿನ ಹೆಸರು. ಅದರ ಕೆಳಗೆ ಇನ್ನೂ ಏನೋ ಸಣ್ಣ ಅಕ್ಷರ. ಆ ಅಕ್ಷರ ನಾನು ಯಾವತ್ತೂ ಓದಲಿಲ್ಲ. ಮೇಲಿನ ಕೊಳವೆಯ ನಡುವೆ ಒಂದು ಗೇಣು ಬಣ್ಣ ಸವೆದು ಲೋಹ ಕಾಣುತ್ತಿತ್ತು. ಅಪ್ಪ ಸೈಕಲನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತುತ್ತಿದ್ದರಲ್ಲ, ಹೆಗಲು ತಾಗುವ ಜಾಗ ಅದು.

ಅಪ್ಪ ಹೋದ ಮೇಲೆ ಸೈಕಲ್ ಮೆಟ್ಟಿಲ ಕೆಳಗೆ ನಿಂತೇ ಇತ್ತು. ತುಕ್ಕು ಹಿಡಿಯಿತು. ಅಮ್ಮನಿಗೆ ಖುಷಿಯಾಗಲಿ, ಹೊಸದರ ಹಾಗೆ ಮಾಡಿ ತೋರಿಸೋಣ ಅಂತ ಒಂದು ಬಣ್ಣದ ಅಂಗಡಿಗೆ ಕೊಟ್ಟೆ. ಏನು ಮಾಡುತ್ತೀರಿ ಅಂತ ಕೇಳಲಿಲ್ಲ. ಅವರು ಮರಳು ಹೊಡೆದು ಬಣ್ಣ ಕಿತ್ತರು. ಮುಂದಿನ ಲಾಂಛನದ ತಗಡು ಅಡ್ಡ ಬರುತ್ತದೆ ಅಂತ ರಿವೆಟ್ ಒಡೆದು ತೆಗೆದರು, ಅದು ಎಲ್ಲಿ ಹೋಯಿತೋ. ಪೆಡಲ್ ಡಬ್ಬಿಯ ತಳದಲ್ಲಿ ಕೊರೆದಿದ್ದ ಫ್ರೇಮಿನ ನಂಬರಿಗೆ ಹಳ್ಳ ಮುಚ್ಚುವ ಪೇಸ್ಟು ತುಂಬಿ ನುಣ್ಣಗೆ ಮಾಡಿದರು. ಒಳ್ಳೆ ಕೊಳವೆ ನಡುವೆ ಒಂದು ಮಿಲಿಮೀಟರ್‌ಗಿಂತ ತೆಳು ಇರುತ್ತದೆ, ಅದಕ್ಕೆ ಮರಳು ಜೋರಾಗಿ ಹೊಡೆಯಬಾರದು ಅಂತ ನನಗೆ ಆಮೇಲೆ ತಿಳಿಯಿತು.

ಮನೆಗೆ ತಂದು ನಿಲ್ಲಿಸಿದೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ಯಾರ ಸೈಕಲ್ಲೋ ಇದು?" ಅಂದಳು.

ಅಷ್ಟೇ ಕೇಳಿದ್ದು. ಮತ್ತೆ ಆ ವಿಷಯ ಎತ್ತಲಿಲ್ಲ.

ಎಷ್ಟೋ ವರ್ಷದ ಮೇಲೆ ಹಳೇ ಸೈಕಲ್ ಚೆನ್ನಾಗಿ ಬಲ್ಲ ಒಬ್ಬರು ಮನೆಗೆ ಬಂದಿದ್ದರು. ನನಗೆ ಗೊತ್ತಿರುವುದೆಲ್ಲ ಅವರು ಆ ಒಂದು ಮಧ್ಯಾಹ್ನ ಕಲಿಸಿದ್ದು. ಸೈಕಲ್ ನೋಡಿದವರೇ ಬೋರಲು ಹಾಕಿದರು. ಬ್ರ್ಯಾಂಡ್ ಹೆಸರು ನೋಡಿ ಮೋಸ ಹೋಗಬೇಡಿ ಅಂದರು. ಫ್ರಾನ್ಸಿನ ಪೆಜೋ ಕಂಪನಿಯನ್ನೇ ತಗೊಳ್ಳಿ, ಪಿಎಕ್ಸ್-10 ಅನ್ನುವ ಮಾಡೆಲ್ ಕೂಡ ಪೆಜೋನೇ, ಅದು ರೆನಾಲ್ಡ್ಸ್ 531 ಕೊಳವೆಯ ರೇಸ್ ಸೈಕಲ್. ಯುಒ-8 ಕೂಡ ಪೆಜೋನೇ, ಅದು ಮಾಮೂಲಿ ಉಕ್ಕು. ಹೆಸರು ಒಂದೇ, ಒಳಗಿನ ಸರಕು ಬೇರೆ. ಅದಕ್ಕೆ ಹಿಂದಿನ ಚಕ್ರ ಕೂರುವ ತುದಿಯನ್ನು ಮೊದಲು ನೋಡಬೇಕಂತೆ. ತಗಡು ಕತ್ತರಿಸಿ ಮಾಡಿದ ಹಾಗೆ ಚಪ್ಪಟೆ ಇದ್ದರೆ ಅಗ್ಗದ ಮಾಲು. ದಪ್ಪಗೆ ಬಡಿದು ಮಾಡಿದ್ದು, ಮೇಲೆ ಇಟಲಿಯ ಬಿಡಿಭಾಗದ ಕಂಪನಿ ಕಾಂಪಾಗ್ನೋಲೋ ಅಂತಲೋ ಮತ್ತೊಂದೋ ಹೆಸರು ಕೊರೆದಿದ್ದರೆ, ಫ್ರೇಮು ಮಾಡಿದವರು ದುಡ್ಡು ಹಾಕಿದ್ದಾರೆ ಅಂತ ಅರ್ಥ. ಅಪ್ಪನ ಸೈಕಲಿನಲ್ಲಿ ಆ ಹೆಸರು ಇತ್ತು. ಕೆಂಪು ಬಣ್ಣದ ಕೆಳಗೆ ಉಗುರಿಗೆ ಸಿಕ್ಕಿತು.

ಆಮೇಲೆ ಸೀಟಿನ ಕಂಬ ಎಳೆದು ಅಳೆದರು. 27.2 ಮಿಲಿಮೀಟರ್. ಅದು ಕೂರುವ ಕೊಳವೆಯ ಹೊರಗಿನ ಅಳತೆ ಹಳೇ ಉಕ್ಕಿನ ಸೈಕಲಿನಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಇರುತ್ತದಂತೆ. ಕೊಳವೆ ತೆಳುವಾದಷ್ಟೂ ಒಳಗೆ ದಪ್ಪ ಕಂಬ ಹಿಡಿಯುತ್ತದೆ. ಕಂಬ 26 ಹತ್ತಿರ, ಇನ್ನೂ ಸಣ್ಣ ಇದ್ದರೆ ಸಾಮಾನ್ಯವಾಗಿ ಕೊಳವೆ ದಪ್ಪ, ಸೈಕಲ್ ಭಾರ. ನನಗೆ ಈ ಲೆಕ್ಕ ಬಹಳ ಇಷ್ಟವಾಯಿತು. ಸ್ಟಿಕ್ಕರ್ ಸುಳ್ಳು ಹೇಳಬಹುದು, ತೂತು ಹೇಳುವುದಿಲ್ಲ ಅಲ್ವಾ.

ಹಿಂದಿನ ಗೇರು ತಿರುಗಿಸಿ "ಪೇಟೆಂಟ್ 74" ಅಂತ ಅಚ್ಚಾಗಿದ್ದನ್ನು ತೋರಿಸಿದರು. ಕಾಂಪಾಗ್ನೋಲೋ ನುವೋ ರೆಕಾರ್ಡ್ ಗೇರಿನ ಮೇಲೆ ಹೀಗೆ ಇಸವಿ ಇರುತ್ತದೆ. ಜಪಾನಿನ ಶಿಮಾನೋ ಕಂಪನಿಯ ಭಾಗ ಆದರೆ ಎರಡು ಇಂಗ್ಲಿಷ್ ಅಕ್ಷರ ಹುಡುಕಬೇಕು. ಮೊದಲನೆಯದು ವರ್ಷ, 1976 ಅಂದರೆ ಎ, 1977 ಬಿ, ಹಾಗೇ ಮುಂದಕ್ಕೆ. ಎರಡನೆಯದು ತಿಂಗಳು. ಆದರೆ ಒಂದು ಭಾಗದ ಇಸವಿ ನೋಡಿ ಸೈಕಲಿನ ವಯಸ್ಸು ಹೇಳಬಾರದು, ಮಧ್ಯದಲ್ಲಿ ಯಾರಾದರೂ ಬದಲಾಯಿಸಿರುತ್ತಾರೆ. ಮೂರು ನಾಲ್ಕು ಕಡೆ ಒಂದೇ ಕಾಲ ಬಂದರೆ ನಂಬಬಹುದು.

ಇಷ್ಟೆಲ್ಲ ಆದ ಮೇಲೆ ಅವರು ಸೈಕಲನ್ನು ಮೆಲ್ಲಗೆ ನಿಲ್ಲಿಸಿ ಹೇಳಿದರು. "ಫ್ರೇಮು ತುಂಬಾ ಒಳ್ಳೆಯದು. ಕೈಯಲ್ಲಿ ಮಾಡಿದ್ದು. ಯಾರು ಮಾಡಿದ್ದು ಅಂತ ಹೇಳುವುದಕ್ಕೆ ನೀವು ಏನೂ ಉಳಿಸಿಲ್ಲ."

ನಾನು 531 ಸ್ಟಿಕ್ಕರ್ ಇತ್ತು ಅಂದೆ. 531 ಕೊಳವೆ 1935ರಿಂದ ಬರುತ್ತಿತ್ತು, ಲೆಕ್ಕವಿಲ್ಲದಷ್ಟು ಜನ ಅದರಲ್ಲಿ ಸೈಕಲ್ ಮಾಡಿದ್ದಾರೆ, ಅದರ ಕೆಳಗೆ ಸಣ್ಣಕ್ಷರದಲ್ಲಿ ಏನಿತ್ತು ಅಂತ ಕೇಳಿದರು. ಮೂರು ಮುಖ್ಯ ಕೊಳವೆ ಮಾತ್ರ 531 ಅಂತಿತ್ತಾ, ಇಲ್ಲಾ ಮುಂದಿನ ಚಕ್ರ ಹಿಡಿಯುವ ಫೋರ್ಕು, ಹಿಂದಿನ ಕಡ್ಡಿ ಕೊಳವೆ ಎಲ್ಲಾ ಸೇರಿತ್ತಾ? ಅದೇ ನಾನು ಓದದೇ ಬಿಟ್ಟ ಅಕ್ಷರ. ಹಳೇ ಫೋಟೋ ಇದೆಯಾ ಅಂದರು. ಒಂದೇ ಒಂದು ಇದೆ, ಅಕ್ಕನ ಹತ್ತಿರ ಇರುವುದು. ಕೆಳಗಿನ ಕೊಳವೆಯ ಹೆಸರಿಗೆ ಸರಿಯಾಗಿ ಅಪ್ಪನ ಕಾಲು ಅಡ್ಡ. ಭೂತಗನ್ನಡಿ ಇಟ್ಟು ನೋಡಿದ್ದೇನೆ. ಕೊನೆಯ ಒಂದು ಅಕ್ಷರದ ಬಾಲ ಕಾಣುತ್ತದೆ, ಅಷ್ಟೇ.

ಅದಕ್ಕೇ ಮತ್ತೆ ಹೇಳುತ್ತೇನೆ, ಬಣ್ಣಕ್ಕೆ ಕೈ ಹಾಕಬೇಡ. ತುಕ್ಕು ಹಿಡಿದ ಹಳೇ ಬಣ್ಣ ನಿನಗೆ ಕೊಳಕು ಕಾಣಬಹುದು. ಬಲ್ಲವರಿಗೆ ಅದೇ ಸೈಕಲಿನ ಜಾತಕ. ಹೊಸ ಬಣ್ಣ ಯಾವಾಗ ಬೇಕಾದರೂ ಹೊಡೆಸಬಹುದು, ಹಳೇದನ್ನು ಯಾರೂ ವಾಪಸ್ ಕೊಡುವುದಿಲ್ಲ. ಇನ್ನೊಂದು, ಹಳೇ ಬಣ್ಣದಲ್ಲಿ ಸೀಸ ಇರಬಹುದು. ಮನೆಯೊಳಗೆ ಕೂತು ಉಜ್ಜಿ ಧೂಳು ಎಬ್ಬಿಸಿದರೆ ಮಗುವಿನ ಮೂಗಿಗೆ ಹೋಗುತ್ತದೆ.

ಬಣ್ಣ ಹೋದದ್ದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಬಿಡಿಭಾಗಗಳು? ನಾನು ಹೊಸ ಚಕ್ರ, ಹೊಸ ಸೀಟು ಹಾಕಿಸಿದಾಗ ಹಳೇದನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದೆ. ಅಪ್ಪನ ಬ್ರೂಕ್ಸ್ ಸೀಟು, ಬ್ರೇಕು, ಪೆಡಲ್, ಚಕ್ರದ ನಡುವಿನ ಎರಡು ಹಬ್ಬು. ಮನೆಗೆ ಸುಣ್ಣ ಹೊಡೆಸುವಾಗ ಆ ಟ್ರಂಕು ಗುಜರಿಗೆ ಹೋಯಿತು. ಯಾರು ಹಾಕಿದರು ಅಂತ ಹೇಳುವುದಿಲ್ಲ, ದೊಡ್ಡಣ್ಣ ಈ ಗ್ರೂಪಿನಲ್ಲೇ ಇದ್ದಾನೆ, ಕೇಳಲಿ. ಒಂದು ಮಾತು ಕೇಳಬಹುದಿತ್ತು. ನಾನೇನು ಬೇರೆ ದೇಶದಲ್ಲಿ ಇರಲಿಲ್ಲ. ಒಂದೇ ಕಾಲದ ಭಾಗಗಳು ಫ್ರೇಮಿನ ಜೊತೆ ಇದ್ದರೆ ಆ ಸೈಕಲಿನ ಮರ್ಯಾದೆಯೇ ಬೇರೆ. ದುಡ್ಡಿನ ಮಾತು ಬಿಡು. ಆ ತೊಗಲಿನ ಸೀಟು ಅಪ್ಪನ ಮೈಗೆ ಒಗ್ಗಿ ಒಗ್ಗಿ ಒಂದು ಕಡೆ ತಗ್ಗಾಗಿತ್ತು. ಅಪ್ಪನ ಕೋಟು ಇಟ್ಟಿದ್ದಾರೆ, ಗಡಿಯಾರ ಇಟ್ಟಿದ್ದಾರೆ, ಕನ್ನಡಕ ಕೂಡ ಇಟ್ಟಿದ್ದಾರೆ. ಸೈಕಲ್ ಸಾಮಾನು ಅಂದರೆ ಮಾತ್ರ ಕಸ. ಈ ಮನೆಯಲ್ಲಿ ಯಾವಾಗಲೂ ಹೀಗೇ. ಎಣ್ಣೆ ಕೈಗೆ ಅಂಟುವ ವಸ್ತುವನ್ನು ಯಾರೂ ನೆನಪು ಅಂತ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಅಕ್ಕ, ನಿನ್ನೆ ನೀನೂ "ಆ ತುಕ್ಕು ಸಾಮಾನು ಬಾಲ್ಕನಿಯಿಂದ ಆಚೆ ಹಾಕು" ಅಂತ ಬರೆದೆ. ಓದಿ ನನಗೆ ನೋವಾಯಿತು.

ಅಯ್ಯೋ, ನೀನು ಕೇಳಿದ್ದು ಸೀಟಿನ ಬಗ್ಗೆ ಅಲ್ವಾ. ಹೇಳುತ್ತೇನೆ.

ಕಂಬಕ್ಕೆ ಆಯಸ್ಕಾಂತ ಹಿಡಿದು ನೋಡು. ಹಿಡಿಯದಿದ್ದರೆ ಅಲ್ಯುಮಿನಿಯಂ. ಉಕ್ಕಿನ ಕೊಳವೆಯೊಳಗೆ ಅಲ್ಯುಮಿನಿಯಂ ಕಂಬ ತೇವದಲ್ಲಿ ವರ್ಷಗಟ್ಟಲೆ ಕೂತರೆ ಅಲ್ಯುಮಿನಿಯಂ ಸವೆದು ಬಿಳಿ ಪುಡಿ ಉಬ್ಬುತ್ತದೆ. ಅದೇ ಬೆಣೆ ಹೊಡೆದ ಹಾಗೆ ಹಿಡಿದುಕೊಳ್ಳುತ್ತದೆ. ಬಿಗಿ ಮಾಡುವ ಬೋಲ್ಟು ಪೂರ್ತಿ ತೆಗೆ. ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಸುತ್ತ ಬಿಡು. ಬೆಳಿಗ್ಗೆ ಸಂಜೆ ನಾಲ್ಕೈದು ದಿನ ಬಿಡಬೇಕು, ಅವಸರ ಇಲ್ಲ. ಆಮೇಲೆ ಹಳೇ ಸೀಟನ್ನೇ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸು, ಎಳೆಯಬೇಡ. ಸುತ್ತಿಗೆ ಬೇಡ, ಉದ್ದದ ಪೈಪ್ ಸಿಕ್ಕಿಸಿ ಜಗ್ಗುವುದೂ ಬೇಡ, ತೆಳು ಕೊಳವೆ ತಿರುಚಿಕೊಳ್ಳುತ್ತದೆ. ಬರದಿದ್ದರೆ ಬಿಟ್ಟುಬಿಡು, ನಾನು ಬಂದಾಗ ನೋಡುತ್ತೇನೆ.

ತಳದ ಕಪ್, ಅಂದರೆ ಪೆಡಲಿನ ಅಚ್ಚು ಹಾಯುವ ಅಡ್ಡ ಡಬ್ಬಿಯ ಎರಡು ಬದಿಯ ಮುಚ್ಚಳ, ಬಿಚ್ಚಲು ಹೋಗಬೇಡ. ಇಂಗ್ಲೆಂಡಿನ ಫ್ರೇಮ್ ಆದರೆ ಚೈನ್ ಕಡೆಯ ಕಪ್ ಉಲ್ಟಾ ಥ್ರೆಡ್ಡು. ಇಟಲಿಯದಾದರೆ ಎರಡೂ ಮಾಮೂಲಿ. ಗೊತ್ತಿಲ್ಲದೆ ತಿರುಗಿಸಿದರೆ ಇನ್ನೂ ಬಿಗಿಯಾಗುತ್ತದೆ. ಆ ಡಬ್ಬಿಯ ಅಗಲ ಮಾತ್ರ ಸ್ಕೇಲಿನಲ್ಲಿ ಅಳೆ. 70 ಮಿಲಿಮೀಟರ್ ಇದ್ದರೆ ಇಟಲಿ ಇರಬಹುದು, ಇಂಗ್ಲೆಂಡ್ ಫ್ರಾನ್ಸ್ ಆದರೆ 68. ಟೈರು ಕೊಳ್ಳುವ ಮೊದಲು ಹಳೇ ಟೈರಿನ ಪಕ್ಕದ ನಂಬರು ಓದು. 27 ಇಂಚು ಅನ್ನುವ ಸೈಜಾದರೆ 630, 700 ಸಿ ಅನ್ನುವ ಸೈಜಾದರೆ 622. ನೋಡಲು ಒಂದೇ ಥರ, ಒಂದಕ್ಕೆ ಇನ್ನೊಂದು ಕೂರುವುದಿಲ್ಲ.

ಒದ್ದೆ ಬಟ್ಟೆ, ಸ್ವಲ್ಪ ಸೋಪು ಸಾಕು ಈಗ. ಸ್ಟಿಕ್ಕರ್ ಮೇಲೆ ಅದೂ ಬೇಡ. ಹೊಳೆಯುವ ಕ್ರೋಮ್ ಭಾಗದ ತುಕ್ಕಿಗೆ ಅಲ್ಯುಮಿನಿಯಂ ಫಾಯಿಲ್ ನೀರಿನಲ್ಲಿ ಅದ್ದಿ ಉಜ್ಜು, ಬಿಡುತ್ತದೆ. ಒರೆಸುವಾಗ ಮುಂದಿನ ಫೋರ್ಕು ಹಿಂದಕ್ಕೆ ಬಾಗಿದೆಯಾ, ಹ್ಯಾಂಡಲ್ ಹಿಂದೆ ಕೊಳವೆಗಳ ಅಡಿಯಲ್ಲಿ ಸುಕ್ಕು ಇದೆಯಾ, ಬೆರಳಾಡಿಸಿ ನೋಡು. ಇದ್ದರೆ ಎಲ್ಲೋ ಗುದ್ದಿದೆ. ಆಗ ಅದನ್ನು ಓಡಿಸಬಾರದು, ಬೆಲೆಯೂ ಬಿಡಿಭಾಗದ್ದು ಮಾತ್ರ.

ಬೆಲೆ ಹುಡುಕುವಾಗ ಜನ ಎಷ್ಟು ಕೇಳುತ್ತಿದ್ದಾರೆ ಅಂತ ನೋಡಬೇಡ, ಎಷ್ಟಕ್ಕೆ ಮಾರಿಹೋಯಿತು ಅಂತ ನೋಡು. ಅದೇ ಮಾಡೆಲ್, ಅದೇ ಸೈಜ್, ಅದೇ ಸ್ಥಿತಿ. ಅದರಲ್ಲಿ ಟೈರು, ಚೈನು, ಕೇಬಲ್ಲು, ಬ್ರೇಕ್ ರಬ್ಬರಿನ ಖರ್ಚು ಕಳೆ. ಆ ಮನುಷ್ಯನಿಗೆ ಈಗಲೇ ಹೂಂ ಅನ್ನಬೇಡ.

ಮತ್ತೆ, ಇದನ್ನು ಮೊದಲೇ ಹೇಳಬೇಕಿತ್ತು. ಕಸದ ಪಕ್ಕ ಇತ್ತು ಅಂದ ಮಾತ್ರಕ್ಕೆ ಯಾರೋ ಬೇಡ ಅಂತ ಬಿಟ್ಟಿದ್ದಾರೆ ಅಂತಲ್ಲ. ಕದ್ದವರೂ ಹಾಗೇ ಎಸೆದು ಹೋಗುತ್ತಾರೆ. ತಳದ ನಂಬರು ಬರೆದುಕೊಂಡು ಬಿಲ್ಡಿಂಗಿನಲ್ಲಿ ಎಲ್ಲರನ್ನೂ ಕೇಳು, ಪೊಲೀಸ್ ಠಾಣೆಗೂ ಒಂದು ಸಲ ತಿಳಿಸು. ಯಾರೋ ಒಬ್ಬರ ತಾತನದು ಇರಬಹುದು. ಅದು ಇತ್ಯರ್ಥ ಆಗುವ ತನಕ ಮಾರುವ ಮಾತೇ ಬೇಡ.

ನಾಳೆ ಬೆಳಗಿನ ಬೆಳಕಿನಲ್ಲಿ ಫೋಟೋ ತೆಗೆದು ಕಳಿಸು. ಚೈನ್ ಕಡೆಯಿಂದ ಪೂರ್ತಿ ಸೈಕಲಿನದು ಒಂದು, ಮುಂದಿನ ಲಾಂಛನ, ತಳದ ನಂಬರು, ಹಿಂದಿನ ತುದಿ, ಗೇರಿನ ಹಿಂಭಾಗ. ಸೀಟಿನ ಕೆಳಗೆ ಸ್ಟಿಕ್ಕರ್ ಇದ್ದರೆ ಹತ್ತಿರದಿಂದ, ಸಣ್ಣಕ್ಷರ ಓದುವ ಹಾಗೆ.