ಅಪ್‌ಡೇಟ್: ಕೈಕೊಡು, ಕೈಬಿಡು, ಕೈಚೆಲ್ಲು ಗೊಂದಲ ಬಗೆಹರಿಯಿತು

'ಕೈ' ಸೇರಿದ ನುಡಿಗಟ್ಟುಗಳೆಲ್ಲ ಕಲಸಿಹೋಗುತ್ತಿವೆ, ನೆನಪಿಡುವುದು ಹೇಗೆ ಅಂತ ಕೇಳಿದ್ದೆನಲ್ಲ? ಪಟ್ಟಿ ಮಾಡಿ ಬಾಯಿಪಾಠ ಮಾಡುವ ಸಲಹೆ ನನಗೆ ಒಗ್ಗಲಿಲ್ಲ. ನಿಘಂಟಿನಲ್ಲಿ 'ಕೊಡು' ಬಿಟ್ಟು 'ಕೈ' ಕೆಳಗೆ ಹುಡುಕಿ ಅಂದದ್ದು ಸ್ವಲ್ಪ ಸಹಾಯವಾಯಿತು.

ನಿಜವಾಗಿ ಕೆಲಸ ಮಾಡಿದ್ದು 'ಯಾರು, ಯಾರಿಗೆ ಅಂತ ನೋಡಿ' ಎಂಬ ಸಲಹೆ. ನಂಬಿದವರು ಮೋಸ ಮಾಡಿದರೆ ಕೈಕೊಟ್ಟರು. ಜೊತೆಗಿದ್ದವರನ್ನು ತೊರೆದರೆ ಕೈಬಿಟ್ಟರು. ಇನ್ನಾಗದು ಅಂತ ತಾವೇ ಸುಮ್ಮನಾದರೆ ಕೈಚೆಲ್ಲಿದರು. ಕೈಹಿಡಿಯುವುದು ಮಾತ್ರ ಜಾಣ: ಕಷ್ಟದಲ್ಲಿ ನೆರವು, ಉಳಿದಂತೆ ಮದುವೆ!

ಮಜಾ ಏನಂದ್ರೆ, ಕೈಕೊಡಲು ಕೈಯೇ ಬೇಕಿಲ್ಲ. ಮಳೆ, ಮೊಬೈಲ್, ನೆನಪು ಎಲ್ಲವೂ ಕೈಕೊಡುತ್ತವೆ.

'ತಲೆ'ಗೂ ಇದೇ ಉಪಾಯ ನಡೆಯುತ್ತದೆ. ತಿನ್ನುವುದು ಬೇರೆಯವರ ತಲೆ, ಕೆಡಿಸಿಕೊಳ್ಳುವುದು ನಮ್ಮದು. ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್.